51ಕ್ಕೆ 51 ದಕ್ಷಿಣದವರೇ: 1397ರ ಆ ಪರೀಕ್ಷೆಯಲ್ಲಿ ತಪ್ಪು ಯಾರದು?

ಹಳೇಪುಸ್ತಕ (ಚರ್ಚೆ ಆರಂಭಿಸಿದವರು)

ಮೆರಿಟ್ಟು, ಮೀಸಲಾತಿ ಜಗಳ ಇಲ್ಲಿ ಆಗಾಗ ಎದ್ದು ವೈಯಕ್ತಿಕಕ್ಕೆ ಹೋಗಿ ಮುಗಿಯುತ್ತೆ. ಈ ಸಲ ನಮ್ಮ ಯಾರ ಜಾತಿಯೂ ಯಾರ ಊರೂ ಇಲ್ಲದ ಒಂದು ಪ್ರಕರಣ ತಂದಿದ್ದೀನಿ. ಆರು ಶತಮಾನದಷ್ಟು ಹಳೇದು, ಚೀನಾದ್ದು.

1397. ಮಿಂಗ್ ವಂಶದ ಸ್ಥಾಪಕ ಹೊಂಗ್‌ವು ಚಕ್ರವರ್ತಿಯ ಕಾಲ, ರಾಜಧಾನಿ ನಾನ್‌ಜಿಂಗ್. ಮೂರು ವರ್ಷಕ್ಕೊಮ್ಮೆ ನಡೆಯುವ ಕೇಂದ್ರ ಪರೀಕ್ಷೆಗೆ ಪ್ರಾಂತ್ಯ ಮಟ್ಟದಲ್ಲಿ ಗೆದ್ದವರೆಲ್ಲ ಬಂದಿದ್ದರು. ಮುಖ್ಯ ಪರೀಕ್ಷಕ ಲಿಯು ಸಾನ್‌ವು, ಎಂಬತ್ತು ದಾಟಿದ ಪಂಡಿತ, ಈಗಿನ ಹುನಾನ್ ಕಡೆಯವನು. ಜೊತೆಗೆ ಬೈ ಶಿನ್‌ದಾವ್. ಪಾಸಾದವರು 51 ಜನ (ಮಿಂಗ್ ವಂಶದ ಅಧಿಕೃತ ಇತಿಹಾಸದಲ್ಲಿ 52 ಅಂತಿದೆ). ಅಷ್ಟೂ ಜನ ದಕ್ಷಿಣದವರು. ಅರಮನೆಯಲ್ಲಿ ನಡೆದ ಕೊನೇ ಸುತ್ತಿನಲ್ಲಿ ಫುಜಿಯಾನ್ ಪ್ರಾಂತ್ಯದ ಚೆನ್ ಆನ್ ಮೊದಲ ರ‍್ಯಾಂಕ್.

ಉತ್ತರದ ಅಭ್ಯರ್ಥಿಗಳು ಗಲಾಟೆ ಎಬ್ಬಿಸಿದರು, ಪರೀಕ್ಷಕರು ತಮ್ಮ ಕಡೆಯವರನ್ನೇ ತುಂಬಿಸಿದ್ದಾರೆ ಅಂತ. ರಾಜ 12 ಜನರನ್ನು ಕೂರಿಸಿ ಉತ್ತರಪತ್ರಿಕೆಗಳನ್ನು ಮತ್ತೆ ಓದಿಸಿದ. ಅವರಲ್ಲಿ ಮುಖ್ಯನಾದವನು ಜಾಂಗ್ ಶಿನ್, 1394ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲು ಬಂದವನು. ಅವರು ಕೊಟ್ಟ ವರದಿ: ಉತ್ತರದವರ ಬರಹ ನಿಜಕ್ಕೂ ಸಪ್ಪೆ, ಫಲಿತಾಂಶ ಬದಲಿಸಬೇಕಾಗಿಲ್ಲ. ರಾಜ ಕೆಂಡವಾದ. ಬೈ ಶಿನ್‌ದಾವ್, ಜಾಂಗ್ ಶಿನ್, ಜೊತೆಗೆ ರ‍್ಯಾಂಕ್ ಬಂದ ಚೆನ್ ಆನ್, ಎಲ್ಲರಿಗೂ ಮರಣದಂಡನೆ. ಲಿಯು ಸಾನ್‌ವು ತೀರಾ ಮುದುಕ ಅಂತಲೋ ಏನೋ ಗಡಿಗೆ ಗಡೀಪಾರು. ಆಮೇಲೆ ರಾಜ ತಾನೇ ಉತ್ತರಪತ್ರಿಕೆ ಓದಿ 61 ಜನರನ್ನು ಆರಿಸಿದ. ಅವರ ಆರನೇ ತಿಂಗಳಲ್ಲಿ ಇನ್ನೊಂದು ಅರಮನೆ ಪರೀಕ್ಷೆ ಆಯಿತು, ಶಾನ್‌ಡಾಂಗ್‌ನ ಹಾನ್ ಕೆಜೋಂಗ್ ಮೊದಲಿಗ. ಈ ಪಟ್ಟಿಯಲ್ಲಿ ಇದ್ದವರು ಉತ್ತರದವರು.

ನನ್ನ ನಿಲುವು ಮೊದಲೇ ಹೇಳಿಬಿಡ್ತೀನಿ. ಪರೀಕ್ಷಕರು ಮೋಸ ಮಾಡಿರಲಿಲ್ಲ. ಆದರೂ ಆ ಮೊದಲ ಪಟ್ಟಿಯನ್ನು ಹಾಗೇ ಬಿಡೋಕೆ ಬರ್ತಿರಲಿಲ್ಲ. ತಲೆ ತೆಗೆದದ್ದು ರಾಕ್ಷಸತನ, ಅದನ್ನು ಯಾರೂ ಸಮರ್ಥಿಸಲ್ಲ ಅಂದ್ಕೊಂಡಿದ್ದೀನಿ. ಮಾತಾಡಬೇಕಾದ್ದು ಎರಡನೇ ಪಟ್ಟಿ ಬಗ್ಗೆ.

ಗಡಿಯಾರ

ಚೆನ್ ಆನ್ ದೇಶಕ್ಕೇ ಮೊದಲು ಬಂದು ಅದೇ ವರ್ಷ ತಲೆ ಕಳ್ಕೊಂಡ. ನಮ್ಮ ಟಾಪರ್‌ಗಳಿಗೆ ಕೋಚಿಂಗ್ ಸೆಂಟರಿನ ಫ್ಲೆಕ್ಸಲ್ಲಿ ಮುಖ ಹಾಕಿಸ್ಕೊಳ್ಳೋ ಕಷ್ಟ ಒಂದೇ.

ಕಾವೇರಿತೀರ

ಹಳೇಪುಸ್ತಕ ಸರ್, "ಮೋಸ ಮಾಡಿರಲಿಲ್ಲ, ಆದರೂ ಪಟ್ಟಿ ಬಿಡೋಕೆ ಬರ್ತಿರಲಿಲ್ಲ" ಅಂದ್ರೆ ಏನರ್ಥ? ಪರೀಕ್ಷೆ ನಡೆಸೋದೇ ಯಾಕೆ ಹಾಗಾದ್ರೆ?

ನಾನು ಪ್ರತಿ ವರ್ಷ ಮೌಲ್ಯಮಾಪನಕ್ಕೆ ಹೋಗೋನು. ಹೆಸರಿನ ಚೀಟಿ ಹರಿದು ಕೋಡ್ ನಂಬರ್ ಹಾಕಿದ ಬಂಡಲ್ ಮುಂದೆ ಕೂತವನಿಗೆ ಆ ಹುಡುಗ ಎಲ್ಲಿಯವನು ಅನ್ನೋದು ಗೊತ್ತಾಗಲ್ಲ, ಗೊತ್ತಾಗಬಾರದು. ಚೀನಾದವರು ಇದನ್ನು ನಮಗಿಂತ ಎಷ್ಟೋ ಬಿಗಿಯಾಗಿ ಮಾಡ್ತಿದ್ದರು. ಅಭ್ಯರ್ಥಿ ಕಪ್ಪು ಶಾಯಿಯಲ್ಲಿ ಬರೆದದ್ದನ್ನು ಹೆಸರು ಮಡಿಸಿ ಅಂಟಿಸಿ, ಗುಮಾಸ್ತರ ಪಡೆಯೇ ಕೂತು ಕೆಂಪು ಶಾಯಿಯಲ್ಲಿ ನಕಲು ಮಾಡ್ತಿತ್ತು. ಇನ್ನೊಂದು ಪಡೆ ಎರಡನ್ನೂ ತಾಳೆ ನೋಡ್ತಿತ್ತು. ಪರೀಕ್ಷಕನ ಕೈಗೆ ಹೋಗ್ತಿದ್ದದ್ದು ಕೆಂಪು ಪ್ರತಿ ಮಾತ್ರ. ಕೈಬರಹ ನೋಡಿ ಗುರುತು ಹಿಡಿಯೋ ದಾರಿಯನ್ನೂ ಮುಚ್ಚಿದ್ದರು. ಇಷ್ಟೆಲ್ಲ ಆದಮೇಲೂ 51 ಜನ ದಕ್ಷಿಣದವರೇ ಬಂದರೆ, ಚೆನ್ನಾಗಿ ಬರೆದವರು ಅವರೇ. ಮರುಪರಿಶೀಲನೆಯವರು ಜೀವ ಹೋಗುತ್ತೆ ಅಂತ ಗೊತ್ತಿದ್ದೂ ಅದನ್ನೇ ಹೇಳಿದರು. ಜಾಂಗ್ ಶಿನ್ ಎದುರಿಗೆ ರಾಜನಿಗೆ ಬೇಕಾದ ಉತ್ತರ ಏನು ಅನ್ನೋದು ಸ್ಪಷ್ಟವಾಗಿತ್ತು. ಅವನು ಅದನ್ನು ಕೊಡಲಿಲ್ಲ. ನನ್ನ ಲೆಕ್ಕದಲ್ಲಿ ಈ ಕಥೆಯಲ್ಲಿ ನಾಯಕ ಅಂತ ಇದ್ರೆ ಅವನೇ.

ಶಾಲ್ಮಲಾ

ಕಾವೇರಿತೀರ ಅವರೇ, ಒಂದು ವಿಷಯ ಬಿಟ್ಟುಹೋಗಿದೆ. ಆ 12 ಜನರ ಸಮಿತಿಯಲ್ಲಿ ಚೆನ್ ಆನ್ ಕೂಡ ಇದ್ದ. ಅಂದರೆ ಯಾರ ರ‍್ಯಾಂಕಿನ ಬಗ್ಗೆ ದೂರು ಬಂದಿತ್ತೋ ಅವನೇ, ತಾನು ಹಿಂದೆ ಹಾಕಿದವರ ಉತ್ತರಗಳನ್ನು ಓದೋಕೆ ಕೂತಿದ್ದ. ಜಾಂಗ್ ಶಿನ್ ಕೂಡ ಜೆಜಿಯಾಂಗ್‌ನವನು, ದಕ್ಷಿಣದವನೇ. ಅವರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸ್ತಿಲ್ಲ. ಆದರೆ ಇವತ್ತು ಯಾವುದಾದರೂ ಆಯೋಗ ಹೀಗೊಂದು ಸಮಿತಿ ಮಾಡಿದ್ರೆ ಹೈಕೋರ್ಟು ಮೊದಲ ವಿಚಾರಣೆಯಲ್ಲೇ ಎತ್ತಿ ಬಿಸಾಡ್ತಿತ್ತು.

ಕಾವೇರಿತೀರ

ಆ ಸಮಿತಿ ಮಾಡಿದ್ದು ರಾಜ ತಾನೇ ಮೇಡಂ? ಸಮಿತಿ ಸರಿಯಿಲ್ಲ ಅಂದ್ರೆ ಇನ್ನೊಂದು ಮಾಡಬೇಕಿತ್ತು. ಸದಸ್ಯರನ್ನು ಕೊಲ್ಲೋದಲ್ಲ.

ರಾಯಚೂರಿನವ

ಸರ, ಹೆಸರು ಮುಚ್ಚಿ ಕೆಂಪು ಶಾಯ್ಲೆ ಬರದ್ರ ಎಲ್ಲಾ ಸಮ ಆತೇನ್ರಿ? ಕೈಬರಹ ಮುಚ್ಚಬಹುದು, ಬರಿಯೋ ಧಾಟಿ ಹೆಂಗ ಮುಚ್ತೀರಿ? ಯಾವ ಧಾಟಿ ಚಂದ ಅಂತ ನಿರ್ಧಾರ ಮಾಡಾವ್ರೂ ಅದೇ ಕಡಿಯವ್ರು. ನಮ್ಮ ಕಡಿ ಹುಡುಗ ಬರದ ಕನ್ನಡಕ್ಕ "ಗ್ರಾಂಥಿಕವಾಗಿಲ್ಲ" ಅಂತ ಮಾರ್ಕ್ಸ್ ಕಟ್ ಮಾಡ್ತಾರಲ್ಲ, ಹಂಗ.

ಮತ್ತ ಉತ್ತರದವ್ರ ಪರಿಸ್ಥಿತಿ ಏನಿತ್ತು ಅಂತ ನೋಡ್ರಿ. 1127ರಾಗ ಈಶಾನ್ಯದ ಜುರ್ಚೆನ್ ಬುಡಕಟ್ಟಿನವ್ರು ಉತ್ತರ ಚೀನಾ ಹಿಡದ್ರು. ಹಿಂದಿಂದ ಮಂಗೋಲರು ಬಂದ್ರು. ಓದಿದ ಮನಿತನಗಳು ರಾಜಧಾನಿ ಜೋಡಿ ಯಾಂಗ್ಟ್ಸಿ ದಾಟಿ ದಕ್ಷಿಣಕ್ಕ ಹೋದ್ವು. ಪುಸ್ತಕ ಅಚ್ಚು ಹಾಕೋ ದೊಡ್ಡ ಕೇಂದ್ರ ಫುಜಿಯಾನಿನ ಜಿಯಾನ್‌ಯಾಂಗ್, ಅದೂ ದಕ್ಷಿಣನ. ಇದೇ ಹೊಂಗ್‌ವು 1381ರಾಗ ಉತ್ತರದ ಶಾಲಿಗಳಿಗೆ ಸರ್ಕಾರದಿಂದನ ನಾಲ್ಕು ಗ್ರಂಥ, ಐದು ಶಾಸ್ತ್ರ (ಪರೀಕ್ಷಾಕ್ಕ ಓದಬೇಕಾದ ಕನ್‌ಫ್ಯೂಷಿಯಸ್ ಪಂಥದ ಪಠ್ಯ) ಕಳಿಸಿಕೊಟ್ಟ. ಯಾಕ? ಅಲ್ಲಿ ಪಠ್ಯಪುಸ್ತಕನ ಇರಲಿಲ್ಲ. ಪುಸ್ತಕ ಮುಟ್ಟಿ 16 ವರ್ಷಕ್ಕ ಪರೀಕ್ಷಾ. ಆ ಕಡಿ ಹತ್ತು ತಲಿ ಓದಿದ ಮನಿತನಗಳು. ಇದರಾಗ ಯಾರು ಗೆಲ್ತಾರ ಅಂತ ಪರೀಕ್ಷಾ ಇಡದನ ಹೇಳಬಹುದಿತ್ತು.

ಕಾವೇರಿತೀರ

ಅದು ಉತ್ತರದಲ್ಲಿ ಶಾಲೆ ಕಟ್ಟೋಕೆ ಕಾರಣ. ಫಲಿತಾಂಶ ತಿದ್ದೋಕೆ ಕಾರಣ ಅಲ್ಲ.

ಬೆಟ್ಟದ ಮೇಷ್ಟ್ರು

ಮಕ್ಕಳೇ, ನೀವಿಬ್ಬರೂ ಆಡ್ತಿರೋ ಮಾತನ್ನು 1064ರಲ್ಲಿ ಸೋಂಗ್ ವಂಶದ ಆಸ್ಥಾನದಲ್ಲಿ ಇಬ್ಬರು ಮಹಾ ಪಂಡಿತರು ಆಡಿ ಮುಗಿಸಿದ್ದಾರೆ. ಶಾನ್‌ಶಿಯ ಸಿಮಾ ಗುವಾಂಗ್, ಉತ್ತರದವನು. ಅವನ ವಾದ: ರಾಜಧಾನಿ ಕೈಫೆಂಗ್‌ನಲ್ಲಿ ಕೂತು ಪರೀಕ್ಷೆಯ ಧಾಟಿ ಕಲಿತವರೇ ಪಾಸಾಗ್ತಾರೆ, ದೂರದ ಪ್ರಾಂತ್ಯಗಳಿಂದ ಎಷ್ಟೋ ಸಲ ಒಬ್ಬನೂ ಬರಲ್ಲ. ಆದ್ದರಿಂದ ಪ್ರತಿ ಪ್ರಾಂತ್ಯದಿಂದ ಹತ್ತಕ್ಕೆ ಒಬ್ಬರ ಲೆಕ್ಕದಲ್ಲಿ ತಗೊಳ್ಳಿ. ಜಿಯಾಂಗ್‌ಶಿಯ ಓಯಾಂಗ್ ಶಿಯು, ದಕ್ಷಿಣದವನು, ಎದ್ದು ನಿಂತ: ಹೆಸರು ಮುಚ್ಚಿರುವಾಗ ಪ್ರತಿಭೆಯೊಂದನ್ನೇ ನೋಡಬೇಕು. ಆಗ್ನೇಯದಲ್ಲಿ ಕೆಳಗಿನ ಹಂತದಲ್ಲೇ ನೂರಕ್ಕೆ ಒಬ್ಬ ಉಳೀತಾನೆ, ವಾಯವ್ಯದಲ್ಲಿ ಹತ್ತಕ್ಕೆ ಒಬ್ಬ. ಅಂದರೆ ವಾಯವ್ಯದವರಿಗೆ ಈಗಾಗಲೇ ಹತ್ತು ಪಟ್ಟು ರಿಯಾಯಿತಿ ಸಿಕ್ಕಿದೆ, ಇನ್ನೂ ಬೇಕಾ? ಇದು ಅವನ ಪ್ರಶ್ನೆ.

ಗೆದ್ದದ್ದು ಓಯಾಂಗ್. ವಾದ ಬಲವಾಗಿತ್ತು ಅಂತ ನನಗೂ ಅನಿಸುತ್ತೆ. ಆದರೆ ಇಬ್ಬರೂ ತಂತಮ್ಮ ಸೀಮೆಯ ಪರವೇ ಮಾತಾಡಿದರು ಅನ್ನೋದನ್ನು ಮರೀಬೇಡಿ.

ಗಡಿಯಾರ

ಮೇಷ್ಟ್ರೇ, ಇಲ್ಲಿಯೂ ಕಾವೇರಿ ತೀರದವರು ಮೆರಿಟ್ಟು ಅಂತಿದ್ದಾರೆ, ರಾಯಚೂರಿನವರು ಕೋಟಾ ಅಂತಿದ್ದಾರೆ. ಸಾವಿರ ವರ್ಷಕ್ಕೂ ಏನೂ ಬದಲಾಗಿಲ್ಲ.

ರಾಯಚೂರಿನವ

ಬದಲಾಗ್ಯದ ಅಣ್ಣಾ. ನಮಗ 371(ಜೆ) ಬಂದದ. ಸಂವಿಧಾನಕ್ಕ 98ನೇ ತಿದ್ದುಪಡಿ ಆಗಿ, ಕಲ್ಯಾಣ ಕರ್ನಾಟಕದಾಗ ಹುಟ್ಟಿದವ್ರಿಗೆ ಕಾಲೇಜು ಸೀಟು, ನೌಕರಿ ಒಳಗ ಪಾಲು ಬಂತು. ಜಾತಿ ನೋಡಿಲ್ಲ, ಪ್ರದೇಶ ನೋಡಿ ಕೊಟ್ಟಾರ. ಅದಕ್ಕ ಈ ಚೀನಾ ಕಥಿ ನನಗ ಹೊಸದೇನಲ್ಲ.

ಹಳೇಪುಸ್ತಕ

ಜಗಳ ಕರ್ನಾಟಕಕ್ಕೆ ಬರಬಾರದು ಅಂತಲೇ ಚೀನಾದ ಪ್ರಕರಣ ತಂದಿದ್ದೆ, ಆದರೆ ಇದು ಒಪ್ಪುವ ಹೋಲಿಕೆ, ಇರಲಿ. ಯಾಕಂದರೆ 1397ರ ಮುಂದಿನ ಅಧ್ಯಾಯವೂ ಪ್ರದೇಶವಾರು ಕೋಟಾನೇ.

ಹೊಂಗ್‌ವು 1398ರಲ್ಲಿ ತೀರಿಕೊಂಡ. ಅವನ ಮೊಮ್ಮಗ ಲಿಯು ಸಾನ್‌ವುನನ್ನು ವಾಪಸ್ ಕರೆಸಿದ. 1425ರಲ್ಲಿ ಹೊಂಗ್‌ಶಿ ಚಕ್ರವರ್ತಿ ಮತ್ತೆ ಅದೇ ತಲೆನೋವು ತಂದು ಯಾಂಗ್ ಶಿಚಿ ಎಂಬ ಮಂತ್ರಿ ಮುಂದಿಟ್ಟ: ಓದಿನಲ್ಲಿ ಉತ್ತರದವರು ದಕ್ಷಿಣದವರಿಗೆ ಸಾಟಿಯಾಗ್ತಿಲ್ಲ. ಯಾಂಗ್ ಶಿಚಿ ಹೇಳಿದ್ದು, ದೊಡ್ಡ ಹೊಣೆ ಹೊರಬಲ್ಲವರು ಉತ್ತರದಲ್ಲೂ ಇದ್ದಾರೆ, ಇಬ್ಬರನ್ನೂ ತಗೋಬೇಕು. ಉಪಾಯವನ್ನೂ ಅವನೇ ಕೊಟ್ಟ. ಹೆಸರು ಎಂದಿನಂತೆ ಮುಚ್ಚಿರಲಿ, ಉತ್ತರಪತ್ರಿಕೆಯ ಹೊರಗೆ "ದಕ್ಷಿಣ" ಅಥವಾ "ಉತ್ತರ" ಅಂತ ಮಾತ್ರ ಬರೆಯಿರಿ, ನೂರರಲ್ಲಿ 60 ದಕ್ಷಿಣಕ್ಕೆ, 40 ಉತ್ತರಕ್ಕೆ. 1427ರ ಹೊತ್ತಿಗೆ ಜಾರಿಗೆ ಬಂತು. ಸ್ವಲ್ಪದರಲ್ಲೇ ನಡುವೆ ಮೂರನೇ ವಿಭಾಗ ಸೇರಿ ದಕ್ಷಿಣ 55, ಉತ್ತರ 35, ಮಧ್ಯ 10 ಆಯ್ತು.

ಯಾರ ತಲೆಯೂ ಹೋಗಲಿಲ್ಲ. ಕಾವೇರಿತೀರ ಅವರು ಕೇಳಿದ್ದರಲ್ಲ, ಪರೀಕ್ಷೆ ಯಾಕೆ ನಡೆಸಬೇಕು ಅಂತ. ಹೀಗೆ ನಡೆಸಬಹುದು. ಒಳಗೆ ಮೆರಿಟ್ಟು, ಹೊರಗೆ ಪಾಲು. ಅದೂ ಫಲಿತಾಂಶ ಬಂದಮೇಲೆ ಅಲ್ಲ, ಮೊದಲೇ ಎಲ್ಲರಿಗೂ ಗೊತ್ತಿರೋ ಪಾಲು.

ಗಡಿಯಾರ

ಮಧ್ಯದ 10ರಲ್ಲಿ ಯಾರ‍್ಯಾರು?

ಹಳೇಪುಸ್ತಕ

ಸಿಚುವಾನ್, ಗುವಾಂಗ್‌ಶಿ, ಯುನ್ನಾನ್, ಗುಯಿಜೋ. ಜೊತೆಗೆ ಫೆಂಗ್‌ಯಾಂಗ್, ಲುಜೋ ಜಿಲ್ಲೆಗಳು ಮತ್ತು ಸುತ್ತಲಿನ ಒಂದೆರಡು ಸೀಮೆ.

ಗಡಿಯಾರ

ಸಿಚುವಾನ್, ಯುನ್ನಾನ್ ಸರಿ, ಬೆಟ್ಟಗುಡ್ಡ. ಫೆಂಗ್‌ಯಾಂಗ್ ಹೇಗೆ ಬಂತು? ಅದು ಹೊಂಗ್‌ವು ಹುಟ್ಟಿದೂರಲ್ವಾ? ಕೋಟಾ ಪಟ್ಟಿಗೆ ದೊರೆಗಳ ತವರು ಜಿಲ್ಲೆ ನುಸುಳೋ ವಿದ್ಯೆಯನ್ನೂ ಚೀನಾದವರೇ ಕಂಡುಹಿಡಿದದ್ದು ಅಂತಾಯ್ತು.

ಶಾಲ್ಮಲಾ

ಅದು ಬಡ ಸೀಮೆಯೂ ಹೌದು, ಪೂರ್ತಿ ಅನ್ಯಾಯ ಅನ್ನೋಕೆ ಆಗಲ್ಲ. ಆದರೆ ನೀವು ನಗೋದ್ರಲ್ಲಿ ತಪ್ಪಿಲ್ಲ.

ನನಗೆ ಈ "ಉತ್ತರ, ದಕ್ಷಿಣ" ಅನ್ನೋ ಗೆರೆಯೇ ದಪ್ಪ ಅನಿಸುತ್ತೆ. 1400ರ ಪರೀಕ್ಷೆಯ ಮೊದಲ ಮೂರು ರ‍್ಯಾಂಕ್ ನೋಡಿ: ಮೂವರೂ ಜಿಯಾಂಗ್‌ಶಿಯ ಜಿಯಾನ್ ಎಂಬ ಒಂದೇ ಜಿಲ್ಲೆಯವರು. ಅದರ ಮುಂದಿನ ಪರೀಕ್ಷೆ 1404ರಲ್ಲಿ. ಮೊದಲ ಮೂವರು ಮತ್ತೆ ಅದೇ ಜಿಲ್ಲೆಯವರು! ಇದು "ದಕ್ಷಿಣದ ಪ್ರತಿಭೆ" ಅಲ್ಲ. ಒಂದು ಜಿಲ್ಲೆಯ ಕೆಲವು ಕುಲಗಳು ಜಮೀನು ಬಿಟ್ಟು, ಪಾಠಶಾಲೆ ಕಟ್ಟಿ, ತಲೆಮಾರುಗಟ್ಟಲೆ ಹುಡುಗರನ್ನು ತಯಾರು ಮಾಡಿದ್ದರ ಫಸಲು. ಓಯಾಂಗ್ ಶಿಯು ಅದೇ ಸೀಮೆಯವನು. ಕೋಟಾ ತಂದ ಯಾಂಗ್ ಶಿಚಿಯೂ ಅದೇ ಜಿಲ್ಲೆಯವನು. ಒಬ್ಬ ಕೋಟಾ ಬೇಡ ಅಂದ, ಇನ್ನೊಬ್ಬ ತಂದ. ಹಾಗಾಗಿ ಮೇಷ್ಟ್ರು ಹೇಳಿದ "ತಂತಮ್ಮ ಸೀಮೆಯ ಪರ" ಅನ್ನೋದು ಯಾವಾಗಲೂ ನಿಜವಲ್ಲ. ಅಂದಹಾಗೆ ಯಾಂಗ್ ಶಿಚಿ ಈ ಪರೀಕ್ಷೆ ಪಾಸು ಮಾಡಿ ಬಂದವನೇ ಅಲ್ಲ, ಶಿಫಾರಸಿನ ಮೇಲೆ ಆಸ್ಥಾನ ಸೇರಿದವನು. ಆ ಕಾಲದ ಅತಿ ಯಶಸ್ವಿ ಮಂತ್ರಿಗಳಲ್ಲಿ ಒಬ್ಬ.

ಬೆಟ್ಟದ ಮೇಷ್ಟ್ರು

ತಾಯಿ, ಒಳ್ಳೇ ಮಾತು. ಯಾಂಗ್ ಶಿಚಿ ವಿಷಯ ನನಗೆ ಹೊಳೆದಿರಲಿಲ್ಲ.

ಕಾವೇರಿತೀರ

ಸರಿ, ಕೋಟಾ ಬಂತು. ಮುಂದೇನಾಯ್ತು ಅಂತಲೂ ಹೇಳಿ. ಕೋಟಾ ಬಂದ ಕಡೆ ಸುಳ್ಳು ವಾಸದ ದಾಖಲೆಯೂ ಬರುತ್ತೆ. ಜೆಜಿಯಾಂಗ್‌ನ ಶಾವೋಶಿಂಗ್‌ನವರು ಬೀಜಿಂಗ್ ಸುತ್ತಲಿನ ದಾಶಿಂಗ್, ವಾನ್‌ಪಿಂಗ್ ತಾಲ್ಲೂಕುಗಳಲ್ಲಿ ಹೆಸರು ಬರೆಸಿಕೊಂಡು ಅಲ್ಲಿನ ಸೀಟು ಹೊಡೀತಿದ್ದರು. ಮಿಂಗ್, ಅದರ ನಂತರ ಆಳಿದ ಮಂಚು ಜನರ ಚಿಂಗ್ ವಂಶ, ಎರಡೂ ಕಾಲದಲ್ಲಿ ಈ ದೂರು ಮುಗಿಯಲೇ ಇಲ್ಲ. ಉತ್ತರದ ಬಡ ಹುಡುಗನ ಹೆಸರಲ್ಲಿ ಇಟ್ಟ ಸೀಟನ್ನು ತಿಂದದ್ದು ದಕ್ಷಿಣದ ಶ್ರೀಮಂತ. 1712ರಲ್ಲಿ ಕಾಂಗ್‌ಶಿ ಚಕ್ರವರ್ತಿ ಇನ್ನೂ ಸಣ್ಣಸಣ್ಣ ಪಾಲು ಮಾಡಿ ಪ್ರಾಂತ್ಯಕ್ಕೊಂದು ಕೋಟಾ ಅಂತ ಮಾಡಿದ. ಸುಳ್ಳು ನೋಂದಣಿ ನಿಂತಿತಾ? ಇಲ್ಲ.

ಇನ್ನೂ ಒಂದು. ಕೋಟಾ ಕೊಡೋ ಕೈಗೆ ಅದು ಯಾವಾಗಲೂ ಆಯುಧ. ಮಂಗೋಲರು 1315ರಲ್ಲಿ ಪರೀಕ್ಷೆ ಶುರು ಮಾಡಿದಾಗ ನೂರು ಸೀಟನ್ನು ನಾಲ್ಕು ಪಾಲು ಮಾಡಿ ಮಂಗೋಲರಿಗೆ 25, ಪಶ್ಚಿಮದಿಂದ ಬಂದವರಿಗೆ 25, ಉತ್ತರ ಚೀನಾದವರಿಗೆ 25, ದಕ್ಷಿಣದವರಿಗೆ 25 ಇಟ್ಟರು. ಜನ ಎಲ್ಲಕ್ಕಿಂತ ಹೆಚ್ಚಿದ್ದದ್ದು ದಕ್ಷಿಣದಲ್ಲಿ. ಚಿಂಗ್ ಕಾಲದ ಶುರುವಿನಲ್ಲಿ ಮಂಚು ಪಡೆಯವರಿಗೆ ಬೇರೆ ಪಟ್ಟಿಯೇ ಇತ್ತು. ಹತ್ತೊಂಬತ್ತನೇ ಶತಮಾನದ ನಡುವೆ ಚಿಂಗ್ ವಿರುದ್ಧ ಎದ್ದ ತೈಪಿಂಗ್ ದಂಗೆ ಕಾಲದಲ್ಲಿ ಖಜಾನೆ ಖಾಲಿಯಾದಾಗ ಸೈನ್ಯಕ್ಕೆ ಹಣ ಕೊಟ್ಟ ಪ್ರಾಂತ್ಯಕ್ಕೆ ಸೀಟು ಹೆಚ್ಚಿಸಿದರು. ಆಳುವವನಿಗೆ ಬೇಕಾದಾಗ ಹಿಗ್ಗಿಸೋದು, ಬೇಕಾದವರಿಗೆ ಹಂಚೋದು. ಹೆಸರು ಮುಚ್ಚಿದ ಉತ್ತರಪತ್ರಿಕೆ ಒಂದೇ ಆ ಕೈಗೆ ಸಿಗದ ಜಾಗ.

ರಾಯಚೂರಿನವ

ಹೆಸರು ಮುಚ್ಚಿದ್ದೂ ಕೈಗೆ ಸಿಗ್ತಿತ್ರಿ ಸರ. 1711ರಾಗ ಜಿಯಾಂಗ್‌ನಾನ್ ಪರೀಕ್ಷಾ ನೆನಪದ ಏನು? ಫಲಿತಾಂಶ ನೋಡಿದ ಸುಝೋ ಹುಡುಗರು ಧನದೇವತಿ ಮೂರ್ತಿ ಹೊತ್ಕೊಂಡು ಮೆರವಣಿಗಿ ಮಾಡಿ ಜಿಲ್ಲಾ ಪಾಠಶಾಲಿ ಒಳಗ ತಂದು ಕೂಡಿಸಿದ್ರು. ಕನ್‌ಫ್ಯೂಷಿಯಸ್ ಇರಬೇಕಾದ ಜಾಗದಾಗ ದುಡ್ಡಿನ ದೇವರು! ವಿಚಾರಣಿ ಆಗಿ ಉಪ ಪರೀಕ್ಷಕ ಜಾವೋ ಜಿನ್‌ಗ ಮರಣದಂಡನಿ. ಮತ್ತ 1859ರಾಗ ಬೀಜಿಂಗ್ ಪರೀಕ್ಷಾ ಹಗರಣಕ್ಕ ಬೋಜುನ್ ಅಂಬೋ ಮಹಾಮಂತ್ರಿ ತಲಿನ ಹೋತು. ನಿಮ್ಮ ಕೆಂಪು ಶಾಯಿ ಎಲ್ಲಿ ಹೋಗಿತ್ತು ಆವಾಗ?

ಕಾವೇರಿತೀರ

ಹಗರಣ ಹೊರಬಂತು, ಮಹಾಮಂತ್ರಿಗೂ ಶಿಕ್ಷೆ ಆಯ್ತು. ವ್ಯವಸ್ಥೆ ಕೆಲಸ ಮಾಡ್ತು ಅಂತ ನಾನದನ್ನು ಓದ್ತೀನಿ.

ಶಾಲ್ಮಲಾ

ಸುಳ್ಳು ನೋಂದಣಿ ಅಂದ್ರಲ್ಲ, ಒಬ್ಬನ ಕಥೆ ಹೇಳ್ತೀನಿ. ಜಾಂಗ್ ಜಿಯಾನ್. 1894ರಲ್ಲಿ ದೇಶಕ್ಕೇ ಮೊದಲ ರ‍್ಯಾಂಕ್ ಬಂದು, ಆಮೇಲೆ ನಾನ್‌ತೋಂಗ್‌ನಲ್ಲಿ ಹತ್ತಿ ಗಿರಣಿ ಕಟ್ಟಿ ಹೆಸರಾದವನು. ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಕೆಳಹಂತದ ಪದವಿಯನ್ನೂ ಪಡೆದಿರಲಿಲ್ಲ. ಅಂಥ ಮನೆಯ ಹುಡುಗ ಪರೀಕ್ಷೆಗೆ ಹೆಸರು ಕೊಡಬೇಕಾದರೆ ಹೆಚ್ಚಿನ ಜಾಮೀನುದಾರರು ಬೇಕು, ಊರಿನ ಪದವೀಧರರ ಕೈ ಬಿಸಿ ಮಾಡಬೇಕು. ಮೇಷ್ಟ್ರೊಬ್ಬರು ದಾರಿ ತೋರಿಸಿದರು: ಪಕ್ಕದ ರುಗಾವ್ ತಾಲ್ಲೂಕಿನಲ್ಲಿ ಇನ್ನೊಂದು ಜಾಂಗ್ ಮನೆತನ ಇದೆ, ಆ ಮನೆಯ ಮೊಮ್ಮಗ ಅಂತ ಬರೆಸು. ಬರೆಸಿದ. ಬೇರೆ ಹೆಸರಿನಲ್ಲಿ, ಬೇರೆಯವನ ಮೊಮ್ಮಗನಾಗಿ 1868ರಲ್ಲಿ ಪಾಸಾದ, ಹದಿಹರೆಯದ ಹುಡುಗ. ಅಲ್ಲಿಂದ ಶುರು. ಆ ಮನೆಯವರು ಇವತ್ತು ಇಷ್ಟು ಕೊಡು, ನಾಳೆ ಅಷ್ಟು ಕೊಡು, ಇಲ್ಲದಿದ್ರೆ ದೂರು ಕೊಡ್ತೀವಿ ಅಂತ ಹಿಂಡಿದರು. ಅಪ್ಪ ಸಾಲ ಮಾಡಿ ಕೊಟ್ಟ. ಅಧಿಕಾರಿಗಳು ಕನಿಕರ ತೋರಿಸಿ ಅವನನ್ನು ಅವನ ಸ್ವಂತ ಊರಿನ ದಾಖಲೆಗೆ ಸೇರಿಸೋ ಹೊತ್ತಿಗೆ 1873.

ಈ ಹುಡುಗ ಸುಳ್ಳು ವಿಳಾಸ ಕೊಟ್ಟದ್ದು ಯಾರ ಕೋಟಾ ಕದಿಯೋಕೂ ಅಲ್ಲ. ಬಾಗಿಲಲ್ಲಿ ನಿಂತವರು ಒಳಗೆ ಬಿಡ್ತಿರಲಿಲ್ಲ. ಪರೀಕ್ಷಾ ಕೋಣೆಯೊಳಗಿನ ಕೆಂಪು ಶಾಯಿ ಎಷ್ಟು ಶುದ್ಧವಾಗಿದ್ರೂ ಬಾಗಿಲಿನ ಲೆಕ್ಕ ಬೇರೆ ಇತ್ತು.

ಮತ್ತೆ ನೀವ್ಯಾರೂ ಎತ್ತದ ಮಾತು. ಹೆಂಗಸರಿಗೆ ಆ ಬಾಗಿಲೇ ಇರಲಿಲ್ಲ. ಅದೂ ಬಿಡಿ, "ಹೀನ ವೃತ್ತಿ" ಅಂತ ಪಟ್ಟಿ ಮಾಡಿದ ಮನೆಗಳಿದ್ದವು: ನಟರು, ವಾದ್ಯದವರು, ಕಚೇರಿಯ ಜವಾನರು, ಕೆಲವು ಕಡೆ ದೋಣಿ ಮೇಲೆ ಬದುಕೋರು. ಅವರ ಗಂಡುಮಕ್ಕಳೂ ಬರೆಯೋ ಹಾಗಿರಲಿಲ್ಲ. 1723ರಿಂದ ಯೋಂಗ್‌ಜೆಂಗ್ ಚಕ್ರವರ್ತಿ ಅಂಥ ಕೆಲವು ಗುಂಪುಗಳನ್ನು ಪಟ್ಟಿಯಿಂದ ತೆಗೆದ. ದೊಡ್ಡ ಹೆಜ್ಜೆ. ಆದರೆ 1771ರಲ್ಲಿ ಇನ್ನೊಂದು ನಿಯಮ ಬಂತು: ವೃತ್ತಿ ಬಿಟ್ಟು ನಾಲ್ಕನೇ ತಲೆಮಾರಿನವನು ಮಾತ್ರ ಪರೀಕ್ಷೆ ಬರೀಬಹುದು. ತಾತನ ತಂದೆ ಡೋಲು ಬಾರಿಸ್ತಿದ್ದ ಅನ್ನೋ ಕಾರಣಕ್ಕೆ ಮರಿಮಗನ ಕಾಲದವರೆಗೆ ಕಾಯಬೇಕು. ಹೆಸರು ಮುಚ್ಚೋ ಪ್ರಶ್ನೆ ಬರೋದು ಹೆಸರು ಕೊಡೋಕೆ ಬಿಟ್ಟಮೇಲೆ.

ಕಾವೇರಿತೀರ

ಇದಕ್ಕೆ ನನ್ನ ವಿರೋಧ ಇಲ್ಲ ಮೇಡಂ. ಬಾಗಿಲು ತೆಗೀಬೇಕು. ಆದರೆ ಮಿಂಗ್, ಚಿಂಗ್ ಕಾಲದ 12,000ಕ್ಕೂ ಹೆಚ್ಚು ಉನ್ನತ ಪದವೀಧರರ ಮನೆತನ ಲೆಕ್ಕ ಹಾಕಿದವರಿದ್ದಾರೆ. ಹತ್ತಿರಹತ್ತಿರ ಮೂರನೇ ಒಂದು ಪಾಲು ಜನರ ಅಪ್ಪ, ಅಜ್ಜ, ಮುತ್ತಜ್ಜ ಯಾರಿಗೂ ಒಂದೂ ಪದವಿ ಇರಲಿಲ್ಲ. ಅದೇ ಹೊತ್ತಿನ ಯುರೋಪಿನಲ್ಲಿ ಇದು ಊಹಿಸೋಕೂ ಆಗದ್ದು.

ಶಾಲ್ಮಲಾ

ಆ ಲೆಕ್ಕಕ್ಕೆ ಬಂದ ಆಕ್ಷೇಪವನ್ನೂ ನೀವು ನೋಡಿರಬೇಕು. ಅರ್ಜಿಯಲ್ಲಿ ಬರೀತಿದ್ದದ್ದು ನೇರ ತಲೆಮಾರು ಮಾತ್ರ. ದೊಡ್ಡಪ್ಪ, ಸೋದರಮಾವ, ಹೆಣ್ಣು ಕೊಟ್ಟ ಮಾವ ಇವರ‍್ಯಾರೂ ಅದರಲ್ಲಿಲ್ಲ. ಓದಿಸಿದವರು ಯಾರು ಅಂತ ಕೇಳಿದ್ರೆ ಎಷ್ಟೋ ಸಲ ಅವರೇ ಸಿಗ್ತಾರೆ. ನಮ್ಮ ಮನೆಗಳಲ್ಲೂ ಸೋದರಮಾವನ ಮನೇಲಿದ್ದು ಓದಿದವರು ಕಡಿಮೆಯೇನಲ್ಲ.

ಬೆಟ್ಟದ ಮೇಷ್ಟ್ರು

ನೀವೆಲ್ಲ ಸೀಟು ಯಾರಿಗೆ ಅಂತ ಜಗಳ ಆಡ್ತಿದ್ದೀರಿ. ಆ ಪರೀಕ್ಷೆ ಏನನ್ನು ಅಳೀತಿತ್ತು ಅಂತ ಒಬ್ಬರೂ ಕೇಳಲಿಲ್ಲ. ಯಾನ್ ಸೋಂಗ್ 1505ರಲ್ಲಿ ಉನ್ನತ ಪದವಿ ಪಡೆದವನು, ಜಿಯಾಂಗ್‌ಶಿಯವನೇ, ಗದ್ಯದಲ್ಲಿ ಅವನನ್ನು ಮೀರಿಸೋರಿಲ್ಲ. ಜಿಯಾಜಿಂಗ್ ಚಕ್ರವರ್ತಿಯ ತಾವೋ ಪೂಜೆಗಳಿಗೆ ಸೊಗಸಾದ ಪ್ರಾರ್ಥನೆ ಬರೆದುಕೊಟ್ಟು ಮಂತ್ರಿಯಾದ, ಮಗನ ಜೊತೆ ಸೇರಿ ಲಂಚ ತಿಂದು ರಾಜ್ಯ ಹಾಳು ಮಾಡಿದ. ಹಾಯ್ ರುಯಿ ಹಾಯ್ನಾನ್ ದ್ವೀಪದವನು, 1549ರಲ್ಲಿ ಪ್ರಾಂತ್ಯ ಮಟ್ಟದ ಪದವಿ ಬಂತು, ಕೇಂದ್ರ ಪರೀಕ್ಷೆ ಕೊನೆಗೂ ಪಾಸಾಗಲಿಲ್ಲ, ಶಾಲಾ ಮೇಷ್ಟ್ರಾಗಿ ಶುರು ಮಾಡಿದ. 1566ರಲ್ಲಿ ಅದೇ ಚಕ್ರವರ್ತಿಗೆ "ನಿನ್ನ ಆಡಳಿತದಿಂದ ಜನರ ಮನೆ ಬರಿದಾಗಿದೆ" ಅನ್ನೋ ಅರ್ಥದ ಪತ್ರ ಬರೆದವನು ಅವನೇ. ಮರಣದಂಡನೆ ಖಾತ್ರಿ ಅಂತ ಶವಪೆಟ್ಟಿಗೆ ಕೊಂಡಿಟ್ಟುಕೊಂಡಿದ್ದ ಅಂತಾರೆ. ಜೈಲಿಗೆ ಹೋದ, ಅಷ್ಟರಲ್ಲಿ ಚಕ್ರವರ್ತಿ ಸತ್ತ, ಇವನು ಬದುಕಿದ.

ಆ ಕಾಲದಲ್ಲೇ ಇದನ್ನು ಕೇಳಿದವರಿದ್ದರು. ಮಿಂಗ್ ಬಿದ್ದಮೇಲೆ ಗು ಯಾನ್‌ವು ಬರೆದ, ಎಂಟು ಕಾಲಿನ ಪ್ರಬಂಧದ ಕೇಡು ಹಿಂದೆ ಚಿನ್ ವಂಶದ ದೊರೆ ಪುಸ್ತಕ ಸುಡಿಸಿದ್ದಕ್ಕೆ ಸಮ ಅಂತ. ದೇಶದಲ್ಲಿ ಐದು ಲಕ್ಷ ಕೆಳಹಂತದ ಪದವೀಧರರಿದ್ದಾರೆ, ಅವರಲ್ಲಿ ಆಡಳಿತಕ್ಕೆ ಬೇಕಾದವರನ್ನು ಹುಡುಕಿದ್ರೆ ಸಿಗಲ್ಲ ಅನ್ನೋದೂ ಅವನ ಲೆಕ್ಕ.

ಗಡಿಯಾರ

ಮೇಷ್ಟ್ರೇ, ಎಂಟು ಕಾಲು ಅಂದ್ರೆ?

ಬೆಟ್ಟದ ಮೇಷ್ಟ್ರು

ಎಂಟು ಭಾಗ, ಪ್ರತಿ ಭಾಗಕ್ಕೂ ನಿಗದಿಯಾದ ಅಚ್ಚು, ಸಾಲಿಗೆ ಸಾಲು ಜೋಡಿ ಕೂರಬೇಕು, ಕನ್‌ಫ್ಯೂಷಿಯಸ್ ಬಾಯಲ್ಲಿ ಮಾತಾಡಿದ ಹಾಗಿರಬೇಕು, ಅರ್ಥ ಮಾತ್ರ ಸೋಂಗ್ ಕಾಲದ ವ್ಯಾಖ್ಯಾನಕಾರ ಝು ಶಿ ಹೇಳಿದ್ದೇ. ಆ ರೂಪ ಗಟ್ಟಿಯಾದದ್ದು 1480ರ ದಶಕದ ಹೊತ್ತಿಗೆ. 1397ರಲ್ಲಿ ಇಷ್ಟು ಬಿಗಿ ಇರಲಿಲ್ಲ.

ಕಾವೇರಿತೀರ

ಬಿಗಿ ಅಚ್ಚು ಇದ್ದದ್ದೇ ಮೌಲ್ಯಮಾಪನ ಒಂದೇ ಥರ ಇರಲಿ ಅಂತ. ಸಾವಿರಾರು ಪ್ರಬಂಧ ಓದಿದವನಿಗೆ ಅದರ ಬೆಲೆ ಗೊತ್ತು. ಅಚ್ಚು ಇಲ್ಲದ ಪ್ರಬಂಧಕ್ಕೆ ಬೆಳಿಗ್ಗೆ ಕೊಟ್ಟ ಮಾರ್ಕ್ಸ್ ಊಟ ಆದ್ಮೇಲೆ ಕೊಡೋಕೆ ಆಗಲ್ಲ ಮೇಷ್ಟ್ರೇ.

ಬೆಟ್ಟದ ಮೇಷ್ಟ್ರು

ಹಹ್ಹ, ಅದು ನಿಜ. ನಾನೂ ಮಾಡಿದ್ದೀನಿ ಆ ಪಾಪ.

ರಾಯಚೂರಿನವ

ಕಾವೇರಿತೀರ ಸರ ಮೊದಲಿಂದ ಒಂದ ಮಾತು ಹೇಳ್ತಾರ: ಬಾಗಿಲು ತೆಗೀರಿ, ಸೀಟು ಹಂಚಬ್ಯಾಡ್ರಿ. ಬಾಗಿಲು ಬ್ಯಾರೆ ಸೀಟು ಬ್ಯಾರೆ ಅಂತ. ಹುನಾನ್ ಕಥಿ ಕೇಳ್ರಿ.

ಹುನಾನ್, ಹುಬೇ ಎರಡಕ್ಕೂ ಪ್ರಾಂತ್ಯ ಪರೀಕ್ಷಾ ವುಚಾಂಗ್‌ನಾಗ ಆಗ್ತಿತ್ತು, ಹುಬೇ ಕಡಿ. ಹುನಾನ್ ಹುಡುಗರು ಡೊಂಗ್‌ಟಿಂಗ್ ಸರೋವರ ದಾಟಿ ಹೋಗಬೇಕು. ಪರೀಕ್ಷಾ ಎಂಟನೇ ತಿಂಗಳು, ಹೊರಡೋದು ಆರು, ಏಳನೇ ತಿಂಗಳು, ಭರ್ತಿ ಮಳಿಗಾಲ. ಸರೋವರ ಸಮುದ್ರ ಆಗಿರ್ತಿತ್ತು. ದೋಣಿ ಮಗುಚಿ ಸತ್ತವರು ಸತ್ತರು, ಬಡವ್ರು, ಒಬ್ಬನ ಮಗ ಇದ್ದ ಮನಿಯವ್ರು ಕಳಿಸೋದನ ಬಿಟ್ರು. ಹಿಂಗಾಗಿ ಪಾಸಾದವ್ರ ಪಟ್ಟಿ ನೋಡಿದ್ರ ಹುಬೇದವ್ರ ಹೆಚ್ಚು. ಕಾಗದದ ಮ್ಯಾಲ ಹುನಾನಿನವ್ರು ದಡ್ಡರು. ಯೋಂಗ್‌ಜೆಂಗ್ 1723ರಾಗ ಸರೋವರದ ಈ ಕಷ್ಟನ ಕಾರಣ ಹೇಳಿ ಚಾಂಗ್‌ಶಾದಾಗ ಬ್ಯಾರೆ ಪರೀಕ್ಷಾ ಕೇಂದ್ರಕ್ಕ ಹುಕುಂ ಮಾಡಿದ. ಮರುವರ್ಷ ಅಲ್ಲೇ ಪರೀಕ್ಷಾ ಆತು. ಕೇಂದ್ರ ಬ್ಯಾರೆ ಮಾಡಿದ ಕೂಡಲೆ ಸೀಟೂ ಬ್ಯಾರೆ ಮಾಡಬೇಕಾತು. ಇಲ್ಲಂದ್ರ ಪರೀಕ್ಷಾ ಚಾಂಗ್‌ಶಾದಾಗ, ಸೀಟು ವುಚಾಂಗ್‌ನಾಗ ಅಂದಂಗ ಆಗ್ತಿತ್ತು. ಬಾಗಿಲು, ಸೀಟು ಕೂಡಿನ ಬಂದ್ವು ಸರ.

ಮುಂದ ಏನಾತು? ನೂರು ವರ್ಷದಾಗ ಅದೇ ಹುನಾನಿಂದ ಜೆಂಗ್ ಗುವೋಫಾನ್, 1838ರಾಗ ಉನ್ನತ ಪದವಿ. ಜುವೋ ಜೋಂಗ್‌ತಾಂಗ್, 1832ರಾಗ ಪ್ರಾಂತ್ಯ ಪದವಿ. ತೈಪಿಂಗ್ ದಂಗಿ ಹತ್ತಿಕ್ಕಿ ಚಿಂಗ್ ಸಿಂಹಾಸನ ಉಳಿಸಿದವ್ರು ಇವರು.

ಗಡಿಯಾರ

ಆ ದಂಗೆ ಎಬ್ಬಿಸಿದ ಹೊಂಗ್ ಶಿಯುಚುವಾನ್ ಕ್ಯಾಂಟನ್‌ನಲ್ಲಿ ನಾಲ್ಕು ಸಲ ಫೇಲಾದವನು. ಪಾಸಾದವರು ಫೇಲಾದವನನ್ನು ಸೋಲಿಸಿದರು. ಮಧ್ಯೆ ಸತ್ತದ್ದು ಎರಡು ಕೋಟಿ ಜನ.

ಹಳೇಪುಸ್ತಕ

ರಾಯಚೂರಿನ ಅಣ್ಣಾ, ಹುನಾನ್ ಉದಾಹರಣೆ ನಾನೇ ಕೊಡಬೇಕಿತ್ತು. ಲಿಯು ಸಾನ್‌ವು ಊರು ಈಗ ಅದೇ ಪ್ರಾಂತ್ಯದಲ್ಲಿದೆ, ನೋಡಿ ವಿಚಿತ್ರ.

1905ರಲ್ಲಿ ಪರೀಕ್ಷೆಯನ್ನೇ ರದ್ದು ಮಾಡಿದಾಗ ಏನಾಯ್ತು ಅನ್ನೋದೂ ಈ ಜಗಳಕ್ಕೆ ಬೇಕು. ಕೆಳಹಂತದ ಸೀಟುಗಳು ಜಿಲ್ಲೆವಾರು ನಿಗದಿಯಾಗಿದ್ದವಲ್ಲ. ಯಾವ ಜಿಲ್ಲೆಗೆ ತಲಾವಾರು ಹೆಚ್ಚು ಸೀಟಿತ್ತೋ, ರದ್ದಾದ ಮೇಲೆ ಅಲ್ಲಿಂದಲೇ ಹೆಚ್ಚು ಕ್ರಾಂತಿಕಾರಿಗಳು ಹೊರಟರು ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಸೀಟು ಅಂದರೆ ಆ ಊರಿಗೆ ದೊರೆ ಜೊತೆ ಇದ್ದ ಸಂಬಂಧ. ಅದನ್ನು ಕಿತ್ತ ಆರೇ ವರ್ಷಕ್ಕೆ ದೊರೆಯೂ ಹೋದ. ಹೊಂಗ್‌ವುಗೆ 1397ರಲ್ಲಿ ಹೆದರಿಕೆ ಇದ್ದದ್ದು ಇದಕ್ಕೇ ಅನಿಸುತ್ತೆ. ಉತ್ತರದ ಗಡಿಯಾಚೆ ಮಂಗೋಲರು ಇನ್ನೂ ಇದ್ದಾರೆ, ಗಡಿ ಪ್ರಾಂತ್ಯಗಳ ಓದಿದವರಿಗೆ ನಾನ್‌ಜಿಂಗ್‌ನಲ್ಲಿ ಜಾಗವಿಲ್ಲ ಅಂತಾದ್ರೆ ಅವರು ಯಾವ ಕಡೆ ನೋಡ್ತಾರೆ? ಅವನು ನ್ಯಾಯಕ್ಕಾಗಿ ಮಾಡಿದ ಅಂತ ನಾನು ಹೇಳಲ್ಲ. ರಾಜ್ಯ ಉಳಿಸ್ಕೊಳ್ಳೋಕೆ ಮಾಡಿದ. ಪಟ್ಟಿ ಮಾತ್ರ ಬದಲಾಗಲೇಬೇಕಿತ್ತು.

ಕಾವೇರಿತೀರ

ರಾಜ್ಯ ಉಳಿಸೋಕೆ ಅಂತ ಒಪ್ಪಿದ್ರೆ, ಅದನ್ನು ಮೆರಿಟ್ಟಿನ ತಪ್ಪು ಅಂತ ಪರೀಕ್ಷಕನ ತಲೆಗೆ ಕಟ್ಟಬೇಡಿ. "ಇದು ರಾಜಕೀಯ ನಿರ್ಧಾರ" ಅಂತ ಹೇಳಿ ಪಾಲು ಮಾಡಿ, ಯಾಂಗ್ ಶಿಚಿ ಮಾಡಿದ ಹಾಗೆ. ಅಷ್ಟಕ್ಕೆ ನಾನು ಒಪ್ತೀನಿ. ಹುನಾನ್ ಕೇಂದ್ರಕ್ಕೂ ಒಪ್ತೀನಿ. ಆದರೆ ಅಲ್ಲಿಗೂ ಒಂದು ಪ್ರಶ್ನೆ ಉಳೀತು: ಎಷ್ಟು ದಿನ? ಹುನಾನಿನವರು ಮಂತ್ರಿ, ಸೇನಾಪತಿ ಆದಮೇಲೂ ಅವರ ಪಾಲು ಹಾಗೇ ಇತ್ತಲ್ಲ, ಯಾರಾದರೂ ವಾಪಸ್ ಕೊಟ್ರಾ?

ರಾಯಚೂರಿನವ

ವಾಪಸ್ ಕೊಡಲಿಲ್ಲ. ಆದ್ರ ಹುನಾನಿನವನೊಬ್ಬ ಮುಂದಕ್ಕ ಕೊಟ್ಟ. ಜುವೋ ಜೋಂಗ್‌ತಾಂಗ್ ಕೇಂದ್ರ ಪರೀಕ್ಷಾದಾಗ ಮೂರು ಸಲ ಫೇಲ್ ಆದವ. ಶಾನ್‌ಶಿ, ಗಾನ್ಸು ಎರಡೂ ಪ್ರಾಂತ್ಯದ (ಈ ಶಾನ್‌ಶಿ ಶಿಆನ್ ಇರೋದು, ಸಿಮಾ ಗುವಾಂಗ್ ಊರಿನ ಶಾನ್‌ಶಿ ಬ್ಯಾರೆ) ದೊಡ್ಡ ಅಧಿಕಾರಿ ಆಗಿ ಹೋದಾಗ ನೋಡಿದ: ಗಾನ್ಸು ಹುಡುಗರು ಪರೀಕ್ಷಾ ಬರೀಲಿಕ್ಕೆ ಶಿಆನ್ ತನಕ ನಡೀಬೇಕು, ತಿಂಗಳುಗಟ್ಟಲೆ ದಾರಿ. ಆಸ್ಥಾನಕ್ಕ ಬರದು, 1875ರಾಗ ಲಾನ್‌ಜೋದಾಗ ಬ್ಯಾರೆ ಕೇಂದ್ರ ಮಾಡಿಸಿದ. ಸೀಟೂ ಬ್ಯಾರೆ ಕೊಡಿಸಿದ.

ಕಾವೇರಿತೀರ

ಲಾನ್‌ಜೋ ವಿಷಯ ನನಗೆ ಗೊತ್ತಿರಲಿಲ್ಲ, ಓದ್ತೀನಿ. "ಎಷ್ಟು ದಿನ" ಅನ್ನೋದಕ್ಕೆ ಮಾತ್ರ ನೀವು ಉತ್ತರ ಕೊಡಲಿಲ್ಲ.

ರಾಯಚೂರಿನವ

ಸರೋವರ ಬತ್ತೋ ತನಕ ಅಂತ ಬರಕೊಳ್ರಿ ಸರ. ನಾಳೆ ಡ್ಯೂಟಿ ಅದ, ಮಲಗ್ತೀನಿ.